ಯಾವ ಪಟ್ಟಿಯಲ್ಲೂ ಇಲ್ಲದ ನಂಬರ್ ಒನ್

ಕಳೆದ ತಿಂಗಳು ಮುಂಬಯಿಯ ಗೋರೆಗಾಂವ್ ಪೂರ್ವದಲ್ಲಿ ನೆಂಟರ ಮದುವೆ. ಊಟದ ಹೊತ್ತಿಗೆ ಆರ್ಕೆಸ್ಟ್ರಾದವರು ‘ಆಶಿಕಿ’ ಚಿತ್ರದ ಹಾಡೊಂದನ್ನು ಎತ್ತಿಕೊಂಡರು. ನನ್ನ ಪಕ್ಕದ ಎಲೆಗೆ ಕೂತಿದ್ದ ಹುಡುಗಿ, ವಯಸ್ಸು ಇಪ್ಪತ್ತೊಂದೋ ಇಪ್ಪತ್ತೆರಡೋ ಇರಬೇಕು, ಅನ್ನಕ್ಕೆ ಸಾರು ಕಲಸುತ್ತಲೇ ಪಲ್ಲವಿಯಿಂದ ಎರಡನೇ ಚರಣದವರೆಗೆ ಒಂದಕ್ಷರ ತಪ್ಪದೆ ಗುನುಗಿದಳು. ಆ ಚಿತ್ರ ಬಂದದ್ದು 1990ರಲ್ಲಿ. ಆಗ ಅವಳ ಅಪ್ಪ ಅಮ್ಮನಿಗೆ ಪರಸ್ಪರ ಪರಿಚಯವೂ ಇರಲಿಲ್ಲ. ಹಾಡು ಮುಗಿದದ್ದೇ ನನ್ನ ಕಡೆ ತಿರುಗಿ, “ದೊಡ್ಡಪ್ಪ, ನಿಮ್ಮ ಕಾಲದಲ್ಲಿ ಇದೇ ಅಲ್ವಾ ನಂಬರ್ ಒನ್?” ಅಂದಳು.

ಈ ಅಂಕಣಕ್ಕೆ ಬರುವ ಪತ್ರಗಳಲ್ಲೂ ಎರಡು ಮೂರು ವರ್ಷಗಳಿಂದ ಇದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಿದೆ. ತೊಂಬತ್ತರ ಶುರುವಿನ ಹಾಡುಗಳು ಯಾಕೆ ಹಳತಾಗುತ್ತಿಲ್ಲ? ಆಗಿನ ಸಂಗೀತವೇ ಮೇಲೋ, ಅಥವಾ ನಮ್ಮ ಹರೆಯದ ನೆನಪು ಅದಕ್ಕೆ ಬಣ್ಣ ಕೊಡುತ್ತಿದೆಯೋ? ಒಂದು ಹಾಡು ‘ಹಿಟ್’ ಅಂತ ಆಗ ತೀರ್ಮಾನಿಸುತ್ತಿದ್ದವರು ಯಾರು? ಈ ಮೂರನೆಯ ಪ್ರಶ್ನೆಯ ಬೆನ್ನು ಹತ್ತಿದರೆ ಮೊದಲೆರಡಕ್ಕೂ ಉತ್ತರ ಸಿಗುತ್ತದೆ ಎಂದು ನನ್ನ ನಂಬಿಕೆ.

ನಾನು ಕುಂದಾಪುರ ಕಡೆಯ ಊರು ಬಿಟ್ಟು ಗೋರೆಗಾಂವಿಗೆ ಬಂದದ್ದು 1990ರ ಜೂನ್‌ನಲ್ಲಿ, ಹದಿನೇಳನೇ ವಯಸ್ಸಿಗೆ. ಸೋದರಮಾವ ಸ್ಟೇಷನ್ನಿನ ಪಶ್ಚಿಮಕ್ಕೆ ಒಂದು ಹೋಟೆಲಿನಲ್ಲಿ ಗಲ್ಲಾ ನೋಡಿಕೊಳ್ಳುತ್ತಿದ್ದರು. ನನಗೂ ಅಲ್ಲೇ ಕೆಲಸ, ರಾತ್ರಿ ಅಲ್ಲೇ ಅಟ್ಟದ ಮೇಲೆ ಹನ್ನೊಂದು ಜನರಲ್ಲಿ ಒಬ್ಬನಾಗಿ ನಿದ್ದೆ. ಗಲ್ಲಾದ ಹಿಂದೆ, ದೇವರ ಪಟದ ಪಕ್ಕ, ಒಂದು ಟೂ-ಇನ್-ಒನ್ ಇತ್ತು. ಬೆಳಿಗ್ಗೆ ಶಟರ್ ಎತ್ತುವಾಗ ಸುಪ್ರಭಾತ. ಗಿರಾಕಿ ಬರಲು ಶುರುವಾದ ಮೇಲೆ ಹಿಂದಿ. ರಾತ್ರಿ ಶಟರ್ ಅರ್ಧ ಎಳೆದು ಟೇಬಲ್ ಮೇಲೆ ಕುರ್ಚಿ ಮಗುಚಿಟ್ಟ ಮೇಲೆ ಮಾತ್ರ ನಮ್ಮದು. ಒಂದೇ ಯಂತ್ರ ಹಗಲು ಒಂದು ಭಾಷೆ, ರಾತ್ರಿ ಒಂದು ಭಾಷೆ ಆಡುತ್ತಿತ್ತು.

ನಾನು ಬಂದ ಹೊಸದರಲ್ಲಿ ರಾತ್ರಿಯ ಪಾಳಿ ಪೂರ್ತಿ ಒಬ್ಬರದೇ: ಗುಂಡ್ಮಿ ಕಾಳಿಂಗ ನಾವಡರದು. ಯಕ್ಷಗಾನದ ಬಡಗುತಿಟ್ಟಿನ ಭಾಗವತಿಕೆಯಲ್ಲಿ ಅಂಥ ಕಂಠ ಮತ್ತೊಂದಿಲ್ಲ ಎಂದು ಇಡೀ ಕರಾವಳಿ ಒಪ್ಪಿಕೊಂಡಿದ್ದ ಹೊತ್ತಿಗೆ, 1990ರ ಮೇ 27ರಂದು, ಅವರು ರಸ್ತೆ ಅಪಘಾತದಲ್ಲಿ ತೀರಿಕೊಂಡಿದ್ದರು. ವಯಸ್ಸು ಮೂವತ್ತೆರಡು ತುಂಬಿರಲಿಲ್ಲ. ಅವರೇ ಬರೆದ ‘ನಾಗಶ್ರೀ’ ಪ್ರಸಂಗದ ಪದಗಳಿದ್ದ ಕ್ಯಾಸೆಟ್ ಒಂದಿತ್ತು. ಪಾತ್ರೆ ತೊಳೆಯುತ್ತಿದ್ದ ಹುಡುಗನೊಬ್ಬ ಕೈ ಒರೆಸಿಕೊಂಡು ಬಂದು, “ಮಾಣಿ, ಅದ್ನೇ ಮತ್ತೊಂದ್ ಸಲ ಹಾಕ್ ಕಾಂಬ” ಅನ್ನುತ್ತಿದ್ದ. ದಿನಕ್ಕೆ ಎರಡು ಸಲ, ಮೂರು ಸಲ. ಟೇಪು ಸವೆದು ಚಂಡೆಯ ಪೆಟ್ಟು ಮಂಕಾಗುವವರೆಗೂ ಅದು ನಡೆಯಿತು. ಸತ್ತ ಮೇಲೂ ಒಬ್ಬ ಭಾಗವತ ಪ್ರತಿ ರಾತ್ರಿ ಮುಂಬಯಿಯ ಹೋಟೆಲುಗಳಲ್ಲಿ ಹಾಡುತ್ತಿದ್ದಾನೆ ಅನ್ನುವುದು ಹದಿನೇಳರ ನನಗೆ ದೊಡ್ಡ ಆಶ್ಚರ್ಯ.

ಹಗಲಿನ ಪಾಳಿಗೆ ‘ಆಶಿಕಿ’ ಬಂದದ್ದು ಆ ವರ್ಷದ ಮಳೆಗಾಲದ ಆಸುಪಾಸು. ಬಂತು ಅನ್ನುವುದಕ್ಕಿಂತ ಊರನ್ನೇ ಆವರಿಸಿತು ಅನ್ನಬೇಕು. ಸ್ಟೇಷನ್ ಹೊರಗಿನ ಪಾನ್ ಗೂಡಂಗಡಿ, ಆರೇ ರೋಡಿನ ರಿಕ್ಷಾಗಳು, ತರಕಾರಿ ಗಾಡಿ, ಸಲೂನು, ಚಾಳಿನ ಕಿಟಕಿಗಳು. ಒಂದು ಅಂಗಡಿಯಲ್ಲಿ ಪಲ್ಲವಿ ಕೇಳಿ ಹೊರಟರೆ ಮುಂದಿನ ತಿರುವಿನಲ್ಲಿ ಚರಣ ಸಿಗುತ್ತಿತ್ತು. ನದೀಮ್-ಶ್ರವಣ್ ಸಂಗೀತ, ಸಮೀರ್ ಸಾಹಿತ್ಯ, ಕುಮಾರ್ ಸಾನು ಮತ್ತು ಅನುರಾಧಾ ಪೌಡ್ವಾಲ್ ಧ್ವನಿ. ಈ ಅನುರಾಧಾ ಹುಟ್ಟಿದ್ದು ನಮ್ಮ ಕಾರವಾರದಲ್ಲಿ ಎಂದು ಮಾವ ಹೇಳಿದ ದಿನ ಅಟ್ಟದ ಮೇಲಿನ ಹನ್ನೊಂದು ಜನರಿಗೂ ಆ ಹಾಡಿನಲ್ಲಿ ಸಣ್ಣದೊಂದು ಪಾಲು ಸಿಕ್ಕಂತಾಯಿತು. ಆಶಿಕಿ, ‘ದಿಲ್ ಹೈ ಕಿ ಮಾನ್ತಾ ನಹೀಂ’, ‘ಬೇಟಾ’ ಹೀಗೆ ಸತತ ಮೂರು ವರ್ಷ ಆಕೆಗೇ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. ಕುಮಾರ್ ಸಾನುಗೆ ಆಶಿಕಿಯಿಂದ ಶುರುವಾಗಿ ಸತತ ಐದು ವರ್ಷ.

ಹಾಡು ಚೆನ್ನಾಗಿತ್ತು, ನಿಜ. ಎಂಬತ್ತರ ದಶಕದ ಡಿಸ್ಕೋ ಗದ್ದಲ ಕೇಳಿ ಕೇಳಿ ದಣಿದಿದ್ದ ಕಿವಿಗೆ ಢೋಲಕ್ಕಿನ ನಿಧಾನದ ನಡೆ, ಪಿಟೀಲುಗಳ ಸಾಲು, ಎರಡೇ ಸಲಕ್ಕೆ ಬಾಯಿಗೆ ಬರುವ ಪಲ್ಲವಿ ಹಿತವಾಗಿತ್ತು. ಆದರೆ ಚೆನ್ನಾಗಿರುವ ಹಾಡು ಹಿಂದೆಯೂ ಬೇಕಾದಷ್ಟು ಬಂದಿದ್ದವು. ಹೊಸದಾಗಿ ಬದಲಾಗಿದ್ದದ್ದು ಹಾಡು ಜನರ ಕೈಗೆ ಬರುವ ದಾರಿ. ಗ್ರಾಮಫೋನ್ ರೆಕಾರ್ಡಿನ ಕಾಲದಲ್ಲಿ ಪ್ಲೇಯರ್ ಇದ್ದ ಮನೆಗೆ ಮಾತ್ರ ಹಾಡು ಸ್ವಂತ. ಉಳಿದವರು ರೇಡಿಯೊ ಕೊಟ್ಟಾಗ ಕೇಳಬೇಕು. ದಿಲ್ಲಿಯ ದರಿಯಾಗಂಜ್‌ನ ಹಣ್ಣಿನ ರಸದಂಗಡಿಯವರ ಮಗ ಗುಲ್ಶನ್ ಕುಮಾರ್ ಕಟ್ಟಿದ ಟಿ-ಸೀರೀಸ್ ಆ ಲೆಕ್ಕ ಬದಲಿಸಿತು. ಹಳೆಯ ಕಂಪನಿಗಳ ಕ್ಯಾಸೆಟ್ಟಿಗಿಂತ ತುಂಬ ಅಗ್ಗದ ಬೆಲೆಗೆ, ಕಿರಾಣಿ ಅಂಗಡಿ, ಪಾನ್ ಅಂಗಡಿಯಲ್ಲೂ ಕ್ಯಾಸೆಟ್ ತೂಗುಹಾಕಿತು. 1957ರ ಕಾಪಿರೈಟ್ ಕಾಯ್ದೆಯಲ್ಲಿ, ಹಳೆಯ ಹಾಡನ್ನು ಬೇರೆಯವರಿಂದ ಹಾಡಿಸಿ ‘ವರ್ಷನ್’ ಎಂದು ಹೊರತರಲು ಇದ್ದ ಅವಕಾಶವನ್ನೂ ಪೂರ್ತಿ ಬಳಸಿಕೊಂಡಿತು. ಅದು ಸರಿಯೋ ತಪ್ಪೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಮೂಲ ಗಾಯಕರಿಗೆ ಅದರಿಂದ ನಷ್ಟವಾಯಿತು ಎಂಬ ಮಾತನ್ನು ನಾನು ಒಪ್ಪುತ್ತೇನೆ. ಆದರೆ ತಿಂಗಳಿಗೆ ನಾಲ್ಕುನೂರು ರೂಪಾಯಿ ಸಂಬಳದ ನಾನು ಜೀವನದಲ್ಲಿ ಮೊದಲ ಬಾರಿ ಹಾಡೊಂದನ್ನು ದುಡ್ಡು ಕೊಟ್ಟು ‘ನನ್ನದು’ ಮಾಡಿಕೊಂಡದ್ದು ಆ ಅಗ್ಗದ ಬೆಲೆಯಿಂದಲೇ ಅನ್ನುವುದನ್ನೂ ಮರೆಯಲಾರೆ.

ಈಗ ಪಟ್ಟಿಯ ವಿಷಯ. ಹಿಂದಿ ಹಾಡುಗಳಿಗೆ ಸ್ಥಾನ ಕೊಡುವ ಕೆಲಸ 1952ರ ಡಿಸೆಂಬರ್‌ನಿಂದ ಅಮೀನ್ ಸಯಾನಿಯವರ ‘ಬಿನಾಕಾ ಗೀತ್‌ಮಾಲಾ’ ಮಾಡುತ್ತಿತ್ತು. ಮೊದಲು ರೇಡಿಯೊ ಸಿಲೋನ್‌ನಲ್ಲಿ, ಆಮೇಲೆ 1989ರಿಂದ ವಿವಿಧ ಭಾರತಿಯಲ್ಲಿ. ರೆಕಾರ್ಡ್ ಅಂಗಡಿಗಳಿಂದ ಮಾರಾಟದ ವರದಿ, ಊರೂರಿನ ಶ್ರೋತೃ ಸಂಘಗಳಿಂದ ಮತ, ಇವೆರಡನ್ನೂ ಸೇರಿಸಿ ಹಾಡುಗಳನ್ನು ‘ಪಾಯದಾನ್’ ಅಂದರೆ ಮೆಟ್ಟಿಲುಗಳ ಮೇಲೆ ನಿಲ್ಲಿಸುತ್ತಿದ್ದರು. ತುದಿಯ ಮೆಟ್ಟಿಲಿನ ಹಾಡಿಗೆ ಕಹಳೆ. ಆ ಕಹಳೆಗಾಗಿ ನಮ್ಮ ಹೋಟೆಲಿನಲ್ಲಿ ಚಹಾ ತಣ್ಣಗಾಗುವವರೆಗೆ ಕೂರುವ ಗಿರಾಕಿಗಳಿದ್ದರು.

ಆದರೆ 1990ರ ಕೊನೆಗೆ ಗೀತ್‌ಮಾಲಾದ ವಾರ್ಷಿಕ ಮೊದಲ ಸ್ಥಾನ ಯಾವುದಕ್ಕೆ ಸಿಕ್ಕಿತು ಗೊತ್ತೇ? ಬಪ್ಪಿ ಲಹಿರಿ ಸಂಗೀತದ ‘ಆಜ್ ಕಾ ಅರ್ಜುನ್’ ಚಿತ್ರದ ಹಾಡಿಗೆ. ಮದುವೆಯ ಊಟದಲ್ಲಿ ಆ ಹುಡುಗಿ ಗುನುಗಿದ್ದು ಅದನ್ನಲ್ಲ. ಪಟ್ಟಿ ಸುಳ್ಳು ಹೇಳಿತು ಅನ್ನುತ್ತಿಲ್ಲ, ಅಮೀನ್ ಸಯಾನಿಯವರ ಪ್ರಾಮಾಣಿಕತೆಯ ಮೇಲೆ ನನಗೆ ಅಪಾರ ಗೌರವವಿದೆ. ಪಟ್ಟಿ ಒಂದು ವರ್ಷದ ಜ್ವರ ಅಳೆಯುತ್ತದೆ. ಮೂವತ್ತು ವರ್ಷ ಯಾವುದು ಉಳಿಯುತ್ತದೆ ಎಂದು ಅದು ಹೇಳಲಾರದು. ಉಳಿಸುವ ಕೆಲಸ ಆಗ ರಿಕ್ಷಾ ಚಾಲಕನ ಕೈಗೆ, ಸಲೂನಿನವನ ಕೈಗೆ, ಗಲ್ಲಾದಲ್ಲಿ ಕೂತ ನನ್ನ ಮಾವನ ಕೈಗೆ ಬಂದುಬಿಟ್ಟಿತ್ತು. ಅವರು ಹಾಕಿದ್ದನ್ನು, ಆಯ್ಕೆ ಮಾಡದ ನೂರಾರು ಜನ ದಿನವೂ ಕೇಳುತ್ತಿದ್ದರು.

1991ರ ವಾರ್ಷಿಕ ಪಟ್ಟಿಯ ಮೊದಲ ಸ್ಥಾನ ಮಾತ್ರ ನಮ್ಮ ಅಟ್ಟದ ತೀರ್ಪಿಗೆ ಹತ್ತಿರವಾಗಿತ್ತು. ‘ಸಾಜನ್’ ಚಿತ್ರದಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಮತ್ತು ಅಲ್ಕಾ ಯಾಜ್ಞಿಕ್ ಹಾಡಿದ ಯುಗಳಗೀತೆ ಅದು. ಪಟ್ಟಿಯ ಲೆಕ್ಕದಲ್ಲಿ ಅದು ಸಲ್ಮಾನ್ ಖಾನ್ ಹಾಡು, ನದೀಮ್-ಶ್ರವಣ್ ಹಾಡು. ನಮ್ಮ ಲೆಕ್ಕದಲ್ಲಿ ಅದು ಎಸ್‌ಪಿಬಿ ಹಾಡು. ಊರಿನ ಜಾತ್ರೆಯಲ್ಲಿ, ಟೆಂಟ್ ಸಿನಿಮಾದಲ್ಲಿ, ಬಸ್ಸಿನಲ್ಲಿ ಬಾಲ್ಯವಿಡೀ ಕೇಳಿದ ಗಂಟಲು ಇಲ್ಲಿ ಎಸ್.ವಿ. ರೋಡಿನ ಟ್ರಾಫಿಕ್ ನಡುವೆ ಹಿಂದಿಯಲ್ಲಿ ಕೇಳಿಸಿದಾಗ, ಸಂತೆಯಲ್ಲಿ ಊರವರು ಸಿಕ್ಕಿದಂತೆ ಆಗುತ್ತಿತ್ತು. ಗಿರಾಕಿಗಳಿಗೆ ನಾವು ಮೈಮೇಲೆ ಬಿದ್ದು ಹೇಳುತ್ತಿದ್ದೆವು, “ಯೇ ಹಮಾರಾ ಆದ್ಮಿ ಹೈ.”

ಗೋರೆಗಾಂವ್ ಅಂದಮೇಲೆ ಹಾಡು ಹುಟ್ಟುವ ಜಾಗವೂ ಹತ್ತಿರದಲ್ಲೇ ಇತ್ತು. ಪಶ್ಚಿಮಕ್ಕೆ 1943ರಲ್ಲಿ ಶುರುವಾದ ಫಿಲ್ಮಿಸ್ತಾನ್ ಸ್ಟುಡಿಯೊ, ಪೂರ್ವಕ್ಕೆ ಆರೇ ಕಾಲನಿಯ ಬಗಲಲ್ಲಿ 1977ರಲ್ಲಿ ಸರ್ಕಾರ ಕಟ್ಟಿದ ಫಿಲ್ಮ್ ಸಿಟಿ. ಶೂಟಿಂಗ್ ಯೂನಿಟ್ಟಿನಿಂದ ಇಡ್ಲಿ-ವಡೆಯ ಆರ್ಡರ್ ಬಂದರೆ ಡಬ್ಬ ಹೊತ್ತು ಹೋಗುವುದು ಚಿಕ್ಕ ಹುಡುಗರ ಕೆಲಸ. ನಾನೂ ಹೋಗಿದ್ದೇನೆ. ಹಾಡಿನ ಚಿತ್ರೀಕರಣ ಅಂದರೆ ಹಾಡು ಕೇಳಬಹುದು ಎಂಬ ಆಸೆಯಿಂದ ಹೋದವನಿಗೆ ಕೇಳಿಸಿದ್ದು ಒಂದೇ ಸಾಲು. ಟೇಪ್ ಯಂತ್ರದ ಮುಂದೆ ಕೂತವನು ಅದೇ ಸಾಲನ್ನು ಹಿಂದಕ್ಕೆ ಸುತ್ತಿ ಮತ್ತೆ ಬಿಡುತ್ತಿದ್ದ. ನಟಿ ಅದೇ ನಗು ಮತ್ತೆ ನಗುತ್ತಿದ್ದಳು. ಕುಣಿಯುವ ಹುಡುಗಿಯರು ಮಧ್ಯಾಹ್ನದ ಬಿಸಿಲಲ್ಲಿ ಅದೇ ಸುತ್ತು ಮತ್ತೆ ಸುತ್ತುತ್ತಿದ್ದರು. ಇಪ್ಪತ್ತು ಸಲವಾದರೂ ಆಗಿರಬೇಕು. ಬಿಡುವು ಕೊಟ್ಟಾಗ ಆ ಹುಡುಗಿಯರಲ್ಲಿ ಒಬ್ಬಳು ಕಾಲಿನ ಗೆಜ್ಜೆ ಬಿಚ್ಚಿ, ಕೆಂಪಗೆ ಕಂದಿದ ಪಾದದ ಮೇಲೆ ನೀರು ಸುರಿದುಕೊಂಡು, ನಮ್ಮ ಡಬ್ಬದಿಂದ ಎರಡು ಇಡ್ಲಿ ತಿಂದಳು. ಆಮೇಲೆ ಆ ಹಾಡು ಟಿವಿಯಲ್ಲಿ ಬಂದಾಗಲೆಲ್ಲ ನನ್ನ ಕಣ್ಣು ಹಿಂದಿನ ಸಾಲಿನಲ್ಲಿ ಅವಳನ್ನು ಹುಡುಕುತ್ತದೆ.

ಇನ್ನು ‘ಬೇಟಾ’ ಚಿತ್ರದ ಕತೆ ಹೇಳದೆ ಮುಂದೆ ಹೋಗಲಾರೆ. 1992ರಲ್ಲಿ ಮಾಧುರಿ ದೀಕ್ಷಿತ್‌ಗೆ ಬಿರುದಾಗಿಯೇ ಅಂಟಿಕೊಂಡ ‘ಧಕ್ ಧಕ್’ ಹಾಡು ಮೊದಲ ಸಲ ಹೋಟೆಲಿನಲ್ಲಿ ಬಂದಾಗ, ಕೋಲಾರದ ಕಡೆಯಿಂದ ಬಂದಿದ್ದ ಹುಡುಗನೊಬ್ಬ ತಟ್ಟೆ ಹಿಡಿದವನು ಹಾಗೇ ನಿಂತ. ಇದು ನಮ್ಮದು ಅಂದ. ಯಾರೂ ನಂಬಲಿಲ್ಲ. ಅವನ ಮಾತು ನಿಜವಾಗಿತ್ತು. 1990ರ ತೆಲುಗು ಚಿತ್ರ ‘ಜಗದೇಕ ವೀರುಡು ಅತಿಲೋಕ ಸುಂದರಿ’ಗೆ ಇಳಯರಾಜ ಮಾಡಿದ ಧಾಟಿ ಅದು, ಅಲ್ಲಿ ಹಾಡಿದ್ದು ಎಸ್‌ಪಿಬಿ ಮತ್ತು ಚಿತ್ರಾ. ಹಿಂದಿಯಲ್ಲಿ ಆನಂದ್-ಮಿಲಿಂದ್ ಹೆಸರಲ್ಲಿ ಬಂತು. ಅಷ್ಟೇ ಅಲ್ಲ, ಚಿತ್ರದ ಕತೆಯ ಬೇರು ಕೂಡ ನಮ್ಮ ಕಡೆಯದೇ. ಬಿ. ಪುಟ್ಟಸ್ವಾಮಯ್ಯನವರ ‘ಅರ್ಧಾಂಗಿ’ ಕಾದಂಬರಿ, 1969ರಲ್ಲಿ ಪುಟ್ಟಣ್ಣ ಕಣಗಾಲರ ‘ಮಲ್ಲಮ್ಮನ ಪವಾಡ’ ಆಯಿತು. ಅದೇ ಕತೆ ತಮಿಳಿಗೆ ಹೋಗಿ, ಅಲ್ಲಿಂದ ಹಿಂದಿಗೆ ಬಂದು ‘ಬೇಟಾ’ ಆಯಿತು. ಮರುವರ್ಷ ‘ಅಣ್ಣಯ್ಯ’ ಎಂಬ ಹೆಸರಿನಲ್ಲಿ, ರವಿಚಂದ್ರನ್ ನಾಯಕರಾಗಿ, ಹಂಸಲೇಖರ ಸಂಗೀತದೊಂದಿಗೆ ಕನ್ನಡದ ಮನೆಗೇ ಮರಳಿತು. ಕನ್ನಡದ ಕತೆ, ತಮಿಳಿನವರ ಧಾಟಿ, ಕಾರವಾರದಲ್ಲಿ ಹುಟ್ಟಿದ ಗಾಯಕಿ. ದೇಶ ಇದನ್ನು ಹಿಂದಿ ಹಿಟ್ ಎಂದು ಕರೆಯಿತು. ಕರೆಯಲಿ, ಆದರೆ ಇಂಥದರ ಲೆಕ್ಕ ಬರೆದಿಡುವುದು ನಮ್ಮ ಕೆಲಸ.

ನಮ್ಮ ಸ್ವಂತ ಹಿಟ್‌ಗಳು ಮುಂಬಯಿಯ ಯಾವ ಪಟ್ಟಿಗೂ ಬರಲಿಲ್ಲ. ಅವು ಬರುತ್ತಿದ್ದದ್ದು ಬಸ್ಸಿನಲ್ಲಿ. ಕೊಂಕಣ ರೈಲು ಪೂರ್ತಿ ಓಡತೊಡಗಿದ್ದು 1998ರಲ್ಲಿ. ಅದಕ್ಕೂ ಮೊದಲು ಊರಿಂದ ಬರುವವರೆಲ್ಲ ಒಂದು ಹಗಲು ಒಂದು ರಾತ್ರಿ ಬಸ್ಸಿನಲ್ಲಿ ಕೂತು ಬರಬೇಕು. ಚೀಲದಲ್ಲಿ ಕುಚ್ಚಲಕ್ಕಿ, ಮಾವಿನ ಮಿಡಿ ಉಪ್ಪಿನಕಾಯಿ, ಹಪ್ಪಳ, ಅವುಗಳ ನಡುವೆ ಬಟ್ಟೆಯಲ್ಲಿ ಸುತ್ತಿದ ಎರಡು ಮೂರು ಕ್ಯಾಸೆಟ್. ‘ರಾಮಾಚಾರಿ’ 1991ರಲ್ಲಿ ಹಾಗೆಯೇ ಬಂತು, ಸ್ವಲ್ಪ ಉಪ್ಪಿನಕಾಯಿ ವಾಸನೆ ಹೊತ್ತುಕೊಂಡು. ಹಂಸಲೇಖರ ಧಾಟಿಗೆ ಯೇಸುದಾಸ್ ಹಾಡಿದ್ದನ್ನು ಕೇಳಿ, ಮದುವೆಯಾಗಿ ಹೆಂಡತಿಯನ್ನು ಊರಲ್ಲೇ ಬಿಟ್ಟು ಬಂದಿದ್ದ ನಮ್ಮ ದೋಸೆ ಭಟ್ಟರು ಗೋಡೆ ಕಡೆ ತಿರುಗಿ ಮಲಗಿಬಿಟ್ಟರು. ಮರುವರ್ಷ ‘ಚೈತ್ರದ ಪ್ರೇಮಾಂಜಲಿ’, ‘ಹಳ್ಳಿ ಮೇಷ್ಟ್ರು’, ಮತ್ತೆ ಮೂರು ವರ್ಷದ ಬಿಡುವಿನ ನಂತರ ರಾಜಕುಮಾರ್ ತೆರೆಗೆ ಮರಳಿದ ‘ಜೀವನ ಚೈತ್ರ’. ಅದರಲ್ಲಿ ಉಪೇಂದ್ರ ಕುಮಾರ್ ಸಂಗೀತಕ್ಕೆ ಅಣ್ಣಾವ್ರು ತೋಡಿ ರಾಗದಲ್ಲಿ ಹಾಡಿದ ಹಾಡಿಗೆ 1992ರ ಸಾಲಿನ ಅತ್ಯುತ್ತಮ ಗಾಯಕ ರಾಷ್ಟ್ರಪ್ರಶಸ್ತಿ ಬಂತು. ಸುದ್ದಿ ಕೇಳಿದ ಸಂಜೆ ಮಾವ ಹಗಲು ಪಾಳಿಯ ನಿಯಮ ಮುರಿದರು. ಗಿರಾಕಿ ತುಂಬಿದ್ದ ಹೊತ್ತಿನಲ್ಲೇ ಕ್ಯಾಸೆಟ್ ಹಾಕಿ, ಆ ಒಂದು ಹಾಡು ಮುಗಿಯುವವರೆಗೆ ಗಲ್ಲಾದಲ್ಲಿ ಎದ್ದು ನಿಂತಿದ್ದರು. ಅರ್ಥವಾಗದಿದ್ದರೂ ಮೂಲೆಯ ಟೇಬಲ್ಲಿನ ಒಬ್ಬ ಮರಾಠಿ ಹಿರಿಯರು ಕೊನೆಯವರೆಗೆ ಕಣ್ಣು ಮುಚ್ಚಿ ಕೇಳಿ, “ತೋಡಿ ಆಹೆ ನಾ?” ಎಂದು ಕೇಳಿದರು.

ಸ್ಟೇಷನ್ ಹತ್ತಿರ ಒಂದು ರೆಕಾರ್ಡಿಂಗ್ ಅಂಗಡಿ ಇತ್ತು. ಖಾಲಿ ಕ್ಯಾಸೆಟ್ ಮತ್ತು ಹಾಡಿನ ಪಟ್ಟಿ ಕೊಟ್ಟರೆ ಮರುದಿನ ತುಂಬಿಸಿ ಕೊಡುತ್ತಿದ್ದ. ನಮ್ಮ ತಲೆಮಾರಿನ ನಿಜವಾದ ಪಟ್ಟಿ ತಯಾರಾದದ್ದು ಅಲ್ಲಿ. ಅರವತ್ತು ನಿಮಿಷದ ಕ್ಯಾಸೆಟ್, ಒಂದೊಂದು ಬದಿಗೆ ಮೂವತ್ತು ನಿಮಿಷ. ಆಗಿನ ಹಾಡು ಐದರಿಂದ ಆರು ನಿಮಿಷ. ಅಂದರೆ ಒಂದು ಬದಿಗೆ ಐದು ಹಾಡು, ಆರನೆಯದು ಹಿಡಿದರೆ ಪುಣ್ಯ. ಯಾವುದನ್ನು ಬಿಡುವುದು, ಯಾವುದರ ಪಕ್ಕ ಯಾವುದು, ರಾತ್ರಿಯಿಡೀ ಚರ್ಚೆ. ಟೇಪು ಸೆಕೆಂಡಿಗೆ ಐದು ಸೆಂಟಿಮೀಟರ್ ಕೂಡ ಓಡುವುದಿಲ್ಲ. ಮುಂದಿನ ಹಾಡಿಗೆ ಹಾರುತ್ತೇನೆ ಅಂದರೆ ಅಂದಾಜಿನಲ್ಲಿ ಸುತ್ತಿ, ನಿಲ್ಲಿಸಿ, ಕೇಳಿ, ಮತ್ತೆ ಸುತ್ತಬೇಕು. ಆ ತಾಪತ್ರಯ ಯಾರಿಗೆ ಬೇಕು? ಬಂದ ಸಾಲಿನಲ್ಲೇ ಕೇಳುತ್ತಿದ್ದೆವು, ಇಷ್ಟವಾದದ್ದನ್ನೂ ಅಷ್ಟೇನೂ ಇಷ್ಟವಿಲ್ಲದ್ದನ್ನೂ. ನನ್ನ ಮಟ್ಟಿಗೆ ಆ ಹಾಡುಗಳು ಉಳಿದಿರುವ ಮುಖ್ಯ ಕಾರಣ ಇದು: ಅದೇ ಸಾಲಿನಲ್ಲಿ, ಅದೇ ಜನರ ನಡುವೆ, ನೂರಾರು ಸಲ ಕೇಳಿದೆವು. ಇಂದಿಗೂ ಒಂದು ಹಾಡು ಮುಗಿಯುತ್ತಿದ್ದಂತೆ ನನ್ನ ಕಿವಿ ಆ ಕ್ಯಾಸೆಟ್ಟಿನ ಮುಂದಿನ ಹಾಡಿಗೆ ಕಾಯುತ್ತದೆ. ರೇಡಿಯೊ ಬೇರೇನೋ ಹಾಕಿದರೆ ಮೆಟ್ಟಿಲು ತಪ್ಪಿದಂತಾಗುತ್ತದೆ. ಈಗಿನ ಮಕ್ಕಳ ಫೋನಿನಲ್ಲಿ ಲಕ್ಷ ಹಾಡು ಇವೆ, ಒಳ್ಳೆಯ ಹಾಡುಗಳೂ ಬೇಕಾದಷ್ಟಿವೆ. ಆದರೆ ಪ್ರತಿಯೊಬ್ಬರ ಕಿವಿಗೂ ಬೇರೆ ಬೇರೆ ಸಾಲು. ಹನ್ನೊಂದು ಜನ ಒಂದೇ ಸಾಲು ಕೇಳುವುದು ನಿಂತಿದೆ.

1993ರ ಜನವರಿಯಲ್ಲಿ ಆ ಯಂತ್ರ ಕೆಲವು ದಿನ ಪೂರ್ತಿ ಮೌನವಾಗಿತ್ತು. ಪಕ್ಕದ ಜೋಗೇಶ್ವರಿಯಿಂದ ಬರುತ್ತಿದ್ದ ಕೋಮುಗಲಭೆಯ ಸುದ್ದಿ ಕೇಳಿ ಯಾರಿಗೂ ಊಟ ಸೇರುತ್ತಿರಲಿಲ್ಲ. ಶಟರ್ ಪೂರ್ತಿ ಕೆಳಗೆ. ರಿಕ್ಷಾ ಇಲ್ಲ, ಪಾನ್ ಅಂಗಡಿ ಇಲ್ಲ. ಹಾಡಿಲ್ಲದ ಎಸ್.ವಿ. ರೋಡನ್ನು ನಾನು ನೋಡಿದ್ದು ಆಗ ಮಾತ್ರ. ಮೂರನೆಯ ರಾತ್ರಿ ಭಟ್ಟರು ವಾಲ್ಯೂಮ್ ಎಷ್ಟು ಸಾಧ್ಯವೋ ಅಷ್ಟು ಕೆಳಗಿಟ್ಟು ಕಾಳಿಂಗ ನಾವಡರ ಕ್ಯಾಸೆಟ್ ಹಾಕಿದರು. ಪದ ಕೇಳಿಸುತ್ತಿರಲಿಲ್ಲ, ಚಂಡೆಯ ಲಯವಷ್ಟೇ ಮರದ ಅಟ್ಟದಲ್ಲಿ ಸಣ್ಣಗೆ ನಡುಗುತ್ತಿತ್ತು. ಹನ್ನೊಂದು ಜನ ಅದರ ಸುತ್ತ ಕೂತು ಬೆಳಗು ಮಾಡಿದೆವು.

ಆಮೇಲೆ ಕಾಲ ಬೇಗ ಬೇಗ ಓಡಿತು. ದೂರದರ್ಶನದ ಮೆಟ್ರೋ ಚಾನೆಲ್ ಬಂತು, ಬಾಬಾ ಸೆಹಗಲ್ ‘ಸೂಪರ್‌ಹಿಟ್ ಮುಕಾಬಲಾ’ ನಡೆಸಿಕೊಟ್ಟರು, ಕೇಬಲ್ಲಿನಲ್ಲಿ ಝೀ, ಎಂಟಿವಿ ಬಂದವು. ಹಿಟ್ ಅಂದರೆ ಕಿವಿಯದ್ದಾಗಿದ್ದದ್ದು ಕಣ್ಣಿನದ್ದೂ ಆಯಿತು. 1994ರಲ್ಲಿ ಗೀತ್‌ಮಾಲಾ ನಿಂತಿತು. 1995ರಲ್ಲಿ ಅಲಿಶಾ ಚಿನಾಯ್ ಅವರ ‘ಮೇಡ್ ಇನ್ ಇಂಡಿಯಾ’ ಸಿನಿಮಾದ ಹಂಗಿಲ್ಲದೆ ದೇಶ ಸುತ್ತಿತು. ಅದರ ಸಂಗೀತ ಮಾಡಿದ ಬಿದ್ದು, ಬೆಂಗಳೂರಿನಲ್ಲಿ ಹುಟ್ಟಿದ ಕೊಡವರು. 1974ರಲ್ಲೇ ‘ಕುಂಗ್ ಫು ಫೈಟಿಂಗ್’ ಹಾಡಿನ ನಿರ್ಮಾಪಕರಾಗಿ ಬ್ರಿಟನ್, ಅಮೆರಿಕ ಎರಡೂ ಕಡೆ ಪಟ್ಟಿಯ ತುದಿ ಮುಟ್ಟಿದ್ದವರು. ಅವರ ಬಗ್ಗೆ ಪ್ರತ್ಯೇಕವಾಗಿಯೇ ಬರೆಯಬೇಕು, ಇನ್ನೊಮ್ಮೆ.

ಮದುವೆಯ ಪಂಕ್ತಿಯಲ್ಲಿ ಇಷ್ಟೆಲ್ಲ ಹೇಳಲು ಸಮಯವೆಲ್ಲಿ? ಪಾಯಸ ಬರುವ ಹೊತ್ತಿಗೆ, “ಮನೆಗೆ ಬಾ ಮಗಳೇ, ಕ್ಯಾಸೆಟ್ಟೇ ಹಾಕಿ ಕೇಳಿಸ್ತೇನೆ” ಅಂದೆ. ಬರುವ ಭಾನುವಾರ ಬರುತ್ತಾಳಂತೆ. ಟೂ-ಇನ್-ಒನ್‌ನ ಬೆಲ್ಟ್ ಸಡಿಲವಾಗಿತ್ತು, ಮಲಾಡಿನಲ್ಲಿ ಹುಡುಕಿ ಹೊಸದು ಹಾಕಿಸಿದೆ. ಹೆಡ್ಡನ್ನು ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿದೆ, ಹತ್ತಿ ಕಂದು ಬಣ್ಣಕ್ಕೆ ತಿರುಗಿತು. ನಿನ್ನೆ ರಾತ್ರಿ ಆ ರೆಕಾರ್ಡಿಂಗ್ ಅಂಗಡಿಯ ಕ್ಯಾಸೆಟ್ ತೆಗೆದು ಡಬ್ಬಿಯೊಳಗಿನ ಕಾರ್ಡ್ ಬಿಡಿಸಿದೆ. ‘ಎ’ ಬದಿಯಲ್ಲಿ ಹಿಂದಿ, ಅಂಗಡಿಯವನ ದುಂಡು ಅಕ್ಷರ. ಆರನೆಯದು ಸಾಜನ್, ಅದರ ಮುಂದೆ ಟೇಪು ಸಾಲದ್ದಕ್ಕೆ ಅವನೇ ಬರೆದ ‘ಆಧಾ’. ‘ಬಿ’ ಬದಿಗೆ ನಾನು ಕೊಟ್ಟಿದ್ದ ಕನ್ನಡ ಹಾಡುಗಳ ಹೆಸರು ಓದಲು ಬಾರದೆ ಅವನು ‘ಮದ್ರಾಸಿ 1’, ‘ಮದ್ರಾಸಿ 2’ ಎಂದು ಐದರವರೆಗೆ ಬರೆದಿದ್ದ. ಒಂದೊಂದರ ಮೇಲೂ ಅಡ್ಡಗೆರೆ ಎಳೆದು, ಪಕ್ಕದಲ್ಲಿ ನೀಲಿ ರೆನಾಲ್ಡ್ಸ್ ಪೆನ್ನಿನಲ್ಲಿ, ಹದಿನೆಂಟು ವರ್ಷದ ಹುಡುಗನ ಒತ್ತಿ ಬರೆದ ಕನ್ನಡದಲ್ಲಿ, ಐದೂ ಹಾಡುಗಳ ಹೆಸರಿದೆ.